ಒಂಟಿತನ ನಿವಾರಣಾ ಉಪಸಮಿತಿ: ಮೊದಲ ಸಭೆ (ಝೂಮ್‌ನಲ್ಲಿ)

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ನೋಟಿಸ್ ಬಂತು. ‘ನಿವಾಸಿಗಳಲ್ಲಿ ಒಂಟಿತನ ಹೆಚ್ಚುತ್ತಿರುವುದನ್ನು ಅಸೋಸಿಯೇಷನ್ ಗಂಭೀರವಾಗಿ ಪರಿಗಣಿಸಿದೆ. ಉಪಸಮಿತಿ ರಚಿಸಲಾಗಿದೆ. ಮೊದಲ ಸಭೆ ಭಾನುವಾರ ಬೆಳಿಗ್ಗೆ 11ಕ್ಕೆ, ಝೂಮ್‌ನಲ್ಲಿ. ದಯವಿಟ್ಟು ಎಲ್ಲರೂ ಮ್ಯೂಟ್‌ನಲ್ಲಿರಿ.’ ನಲವತ್ತೇಳು ಜನ ಹೆಬ್ಬೆರಳು ಎತ್ತಿದರು.

ಇರೋದು ಮೂರೇ ಬ್ಲಾಕು. ಕೆಳಗೆ ಕ್ಲಬ್‌ಹೌಸ್ ಇದೆ. ಅದರಲ್ಲಿ ನೂರಿಪ್ಪತ್ತು ಕುರ್ಚಿಗಳಿವೆ. ಅವುಗಳ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿಲ್ಲ. ‘ಎಲ್ಲಾ ಕೆಳಗೇ ಸೇರಿದರೆ ಆಗಲ್ವಾ?’ ಅಂತ ಒಬ್ಬರು ಕೇಳಿದರು. ‘ಕುರ್ಚಿ ಹಾಳಾಗುತ್ತವೆ’ ಅಂತ ಉತ್ತರ ಬಂತು.

ಸಂಚಾಲಕರ ಮನೆ ಇರೋದು ಸರಿಯಾಗಿ ನನ್ನ ತಲೆಯ ಮೇಲೆ. ಭಾನುವಾರ ಅವರು ‘ಎಲ್ಲರಿಗೂ ನಮಸ್ಕಾರ’ ಅಂದಿದ್ದು ಮೊದಲು ನಮ್ಮ ಹಾಲಿನ ಸೀಲಿಂಗಿನಿಂದ ಕೇಳಿಸಿತು. ಎರಡು ಸೆಕೆಂಡ್ ಬಿಟ್ಟು ಫೋನಿನಿಂದ ಕೇಳಿಸಿತು. ಆರು ವರ್ಷದಲ್ಲಿ ಅವರು ನನಗೆ ಇಷ್ಟು ಹತ್ತಿರವಾಗಿದ್ದು ಇದೇ ಮೊದಲು.

ಸ್ಲೈಡ್‌ಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ. ಅದರಿಂದ ವರ್ಷಕ್ಕೆ 8 ಲಕ್ಷ 71 ಸಾವಿರ ಸಾವು, ಅಂದರೆ ಗಂಟೆಗೆ ಸುಮಾರು ನೂರು. ‘ನಮ್ಮ ಸಭೆ ಒಂದು ಗಂಟೆ’ ಅಂತ ಖಜಾಂಚಿ ಚಾಟ್‌ನಲ್ಲಿ ಬರೆದರು. ಯಾಕೆ ಬರೆದರೋ ಗೊತ್ತಾಗಲಿಲ್ಲ.

ಮುಂದಿನ ಸ್ಲೈಡಿನಲ್ಲಿ ಸಿಗರೇಟು. ಜನರ ಒಡನಾಟ ಇಲ್ಲದೆ ಬದುಕಿದರೆ ದಿನಕ್ಕೆ 15 ಸಿಗರೇಟು ಸೇದಿದಷ್ಟು ಕೇಡು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಪರವಾಗಿ ಜನರಿಗೆ ಆರೋಗ್ಯದ ಸಲಹೆ ಕೊಡುವ ಡಾಕ್ಟರ್ ಆಗಿದ್ದ ವಿವೇಕ್ ಮೂರ್ತಿ ಕೊಟ್ಟ ಎಚ್ಚರಿಕೆ ಇದು. ಇಲ್ಲಿ ನನ್ನದೊಂದು ಸಂಶಯ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನಾ ತಪ್ಪದೆ ಮುಖ ನೋಡಿ ಮಾತಾಡುವವರು ಮೂರೇ ಜನ. ಹಿಂದಿನ ಕಾಂಪೌಂಡ್ ಹತ್ತಿರ ನಿಂತು ಸಿಗರೇಟು ಸೇದುವವರು. ಒಬ್ಬರಿಗೊಬ್ಬರು ಬೆಂಕಿ ಕೊಡುತ್ತಾರೆ, ಮಕ್ಕಳ ಮಾರ್ಕ್ಸ್ ಕೇಳುತ್ತಾರೆ, ಸಾಲ ಕೂಡ ಕೊಟ್ಟುಕೊಳ್ಳುತ್ತಾರಂತೆ. ಇವರ ಲೆಕ್ಕವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಕೇಳೋಣ ಅಂದರೆ ನಾನು ಮ್ಯೂಟ್‌ನಲ್ಲಿದ್ದೆ.

ಆ ವಿವೇಕ್ ಮೂರ್ತಿಯವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಮಂಡ್ಯ ಕಡೆಯ ಮೂಲದವರೊಬ್ಬರು ‘ನಾಲ್ಕು ಜನರ ಜೊತೆ ಕೂತು ಮಾತಾಡ್ರಪ್ಪಾ’ ಅಂತ ಅಮೆರಿಕಕ್ಕೇ ಸರ್ಕಾರಿ ಕಾಗದದಲ್ಲಿ ಬರೆದು ಕೊಡಬೇಕಾಯಿತು. ಮಂಡ್ಯದಲ್ಲಿ ಈ ಚಿಕಿತ್ಸೆಗೆ ಕಾಗದ ಬೇಕಿರಲಿಲ್ಲ. ನಿಮ್ಮ ಪಾಡಿಗೆ ನೀವು ರಸ್ತೆಯಲ್ಲಿ ಹೋಗುತ್ತಿದ್ದರೂ ಜಗಲಿ ಮೇಲಿಂದ ‘ಎಲ್ಗೋ ಹೊಂಟೆ?’ ಅನ್ನುತ್ತಿದ್ದರು. ತಪ್ಪಿಸಿಕೊಳ್ಳೋದೇ ಕಷ್ಟವಿತ್ತು.

ಬ್ರಿಟನ್ 2018ರಲ್ಲೇ ಒಂಟಿತನದ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಿತು. ಜಪಾನ್ 2021ರಲ್ಲಿ ವಹಿಸಿತು. ನಾವು ಉಪಸಮಿತಿ ಮಾಡಿದ್ದೇವೆ. ನಮ್ಮದಕ್ಕೆ ಲೋಗೋ ಕೂಡ ಇದೆ.

ಇನ್ನು ಕಟ್ಟೆಯ ವಿಷಯ. ನಮ್ಮ ಗೇಟಿನ ಪಕ್ಕ ಒಂದು ಹೊಂಗೆಮರ, ಅದರ ಸುತ್ತ ಕಲ್ಲುಚಪ್ಪಡಿಯ ಕಟ್ಟೆ ಇತ್ತು. ಬೆಳಿಗ್ಗೆ ಸೊಪ್ಪಿನವರು ಬುಟ್ಟಿ ಇಳಿಸುತ್ತಿದ್ದರು. ಮಧ್ಯಾಹ್ನ ಡ್ರೈವರ್‌ಗಳು, ಮನೆಗೆಲಸದ ಹೆಂಗಸರು ಡಬ್ಬಿ ಬಿಚ್ಚುತ್ತಿದ್ದರು. ಸಂಜೆ ನಾಲ್ಕು ಜನ ಅಜ್ಜಂದಿರು ಸೊಂಟನೋವಿನಿಂದ ಶುರುಮಾಡಿ ಸರ್ಕಾರ ಬೀಳಿಸುವವರೆಗೂ ಹೋಗುತ್ತಿದ್ದರು. ಹೋದ ವರ್ಷ ಅಸೋಸಿಯೇಷನ್ ಅದನ್ನು ಒಡೆಸಿತು. ಕಾರಣ ಏನಪ್ಪಾ ಅಂದರೆ ‘ಜನ ಕೂರುತ್ತಾರೆ’. ಈಗ ಅಲ್ಲಿ ಮೊನಚಾದ ಬಿಳಿ ಕಲ್ಲು ಜೋಡಿಸಿ ಕಳ್ಳಿಗಿಡ ಇಟ್ಟಿದ್ದಾರೆ. ನಾಲ್ವರು ಅಜ್ಜಂದಿರಲ್ಲಿ ಇಬ್ಬರು ಬಾಲ್ಕನಿಗೆ ಬಡ್ತಿ ಪಡೆದರು, ಒಬ್ಬರು ಮಗಳ ಮನೆಗೆ ಹೋದರು. ಇನ್ನೊಬ್ಬರು ಈಗಲೂ ಐದು ಗಂಟೆಗೆ ಸರಿಯಾಗಿ ಬಂದು ಕಳ್ಳಿಗಿಡ ನೋಡಿಕೊಂಡು ವಾಪಸ್ ಹೋಗುತ್ತಾರೆ.

ಉಪಸಮಿತಿಯ ಮುಖ್ಯ ಶಿಫಾರಸು ಕೇಳಿ. ಅದೇ ಜಾಗದಲ್ಲಿ ‘ಕನೆಕ್ಟ್ ಝೋನ್’. ಕೂರಲು ಕಲ್ಲಿನ ಆಸನ, ಮೇಲೆ ಮರದ ನೆರಳು. ಆ್ಯಪ್‌ನಲ್ಲಿ ಸ್ಲಾಟ್ ಬುಕ್ ಮಾಡಬೇಕು, ಒಂದು ಸ್ಲಾಟ್ ನಲವತ್ತೈದು ನಿಮಿಷ. ಹೊರಗಿನವರಿಗೆ ಪ್ರವೇಶವಿಲ್ಲ. ಅಂದಾಜು ವೆಚ್ಚ ಕಟ್ಟೆ ಒಡೆಸಿದ್ದರ ಒಂಬತ್ತು ಪಟ್ಟು.

ಬಿ ಬ್ಲಾಕಿನ ಡಾಕ್ಟರ್ ಮೇಡಂ ಒಂದೇ ಒಂದು ಕೆಲಸಕ್ಕೆ ಬರುವ ಮಾತು ಹೇಳಿದರು. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿಯ ನಂಬರ್ 14416 ಅನ್ನು ಲಿಫ್ಟಿನಲ್ಲಿ ಅಂಟಿಸೋಣ, ನಮ್ಮ ನಿಮ್ಹಾನ್ಸೇ ಅದರ ಮೇಲುಸ್ತುವಾರಿ ನೋಡಿಕೊಳ್ಳುತ್ತೆ, ಕನ್ನಡದಲ್ಲೇ ಮಾತಾಡಬಹುದು ಅಂದರು. ಕೂಡಲೇ ನಾಲ್ಕು ಕೈ ಮೇಲೆದ್ದವು. ಫ್ಲ್ಯಾಟ್ ನೋಡಲು ಬಂದವರು ಅದನ್ನು ಕಂಡರೆ ರೇಟ್ ಬಿದ್ದುಹೋಗುತ್ತದಂತೆ. ವಿಷಯವನ್ನು ಮುಂದಿನ ಸಭೆಗೆ ತಳ್ಳಲಾಯಿತು.

ಬೆಂಗಳೂರಿಗೆ ಇದೇನು ಹೊಸದಲ್ಲ ಬಿಡಿ. 2024ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಟೋಪಿ ಅಂಗಿ (ಹೂಡಿ) ಹಾಕಿಕೊಂಡು ಕೋರಮಂಗಲದಲ್ಲಿ ಆಟೋ ಓಡಿಸುತ್ತಿದ್ದ ಇಂಜಿನಿಯರ್ ಒಬ್ಬರ ಫೋಟೋ ಊರೆಲ್ಲಾ ಓಡಾಡಿತ್ತು. ವಾರದ ಕೊನೆಯಲ್ಲಿ ಒಂಟಿತನ ಕಳೆಯೋಕೆ ಅಂತ ಅವರು ಹೇಳಿದ್ದರಂತೆ. ಎಲ್ಲರೂ ಅಯ್ಯೋ ಪಾಪ ಅಂದರು. ನನಗೆ ಹೊಟ್ಟೆಕಿಚ್ಚಾಯಿತು. ಸಿಗ್ನಲ್ಲಿನಲ್ಲಿ ಅವರಿಗೆ ಕನಿಷ್ಠ ಬೈಯೋಕಾದರೂ ಜನ ಸಿಗುತ್ತಾರಲ್ಲ.

ಸಭೆ ಮುಗಿದ ಮೇಲೆ ಫೋನ್ ನೋಡಿದೆ. ಗೇಟಿನ ಆ್ಯಪ್‌ನಿಂದ ಏಳು ನೋಟಿಫಿಕೇಷನ್ ಬಂದಿದ್ದವು. ‘ಅತಿಥಿ ಕಾಯುತ್ತಿದ್ದಾರೆ. ಅನುಮತಿಸಿ / ನಿರಾಕರಿಸಿ.’ ಮಂಡ್ಯದಿಂದ ಚಿಕ್ಕಪ್ಪ ಬಂದಿದ್ದರು. ಒಂಟಿತನ ನಿವಾರಣೆ ಮಾಡುತ್ತಾ ನಾನು ಅವರನ್ನು ಒಂದು ಗಂಟೆ ಗೇಟಿನಲ್ಲಿ ನಿಲ್ಲಿಸಿದ್ದೆ.

ಓಡಿದೆ. ಅವರೇನೂ ನಿಂತಿರಲಿಲ್ಲ. ಸೆಕ್ಯುರಿಟಿ ಕ್ಯಾಬಿನ್ನಿನೊಳಗೆ ಕುರ್ಚಿ ಮೇಲೆ ಕಾಲು ಮಡಚಿ ಕೂತು ಟೀ ಕುಡಿಯುತ್ತಿದ್ದರು. ರಾಯಚೂರು ಕಡೆಯ ಸೆಕ್ಯುರಿಟಿಯವರು ನನ್ನ ಕಡೆ ಒಂಥರಾ ನೋಡಿದರು. ‘ಯಜಮಾನ್ರು ಬಂದು ತಾಸಾತ್ರಿ ಸರ.’

ಲಿಫ್ಟಿನಲ್ಲಿ ಚಿಕ್ಕಪ್ಪ ವರದಿ ಒಪ್ಪಿಸಿದರು. ಸೆಕ್ಯುರಿಟಿಯ ಮಗಳಿಗೆ ಗಂಡು ನೋಡುತ್ತಿದ್ದಾರೆ. ಇಸ್ತ್ರಿಯವರ ಮೊಣಕಾಲಿಗೆ ಆಪರೇಷನ್ ಆಗಬೇಕು. ‘ನಿನ್ ಮೇಲ್ಗಡೆ ಮನೆಯವ್ರು ಪಾಪ, ಹೆಂಡ್ರು ಹೆರಿಗೆ ಮಾಡ್ಸೋಕೆ ಮಗಳ ಮನೆಗೆ ಹೋಗವ್ರಂತೆ. ಎರಡು ತಿಂಗಳಿಂದ ಒಬ್ರೇ ಅವ್ರೆ. ದಿನಾ ಡಬ್ಬಿ ತರಿಸ್ಕೊಂಡು ತಿಂತಾರಂತೆ. ನಿಂಗೊತ್ತಿಲ್ವೇನೋ?’

ಗೊತ್ತಿರಲಿಲ್ಲ. ಅವರ ಸ್ಲೈಡಿನಲ್ಲಿ ಅದು ಇರಲಿಲ್ಲ.

ನಾನು ತಟ್ಟೆ ಹಾಕುವಷ್ಟರಲ್ಲಿ ಚಿಕ್ಕಪ್ಪ ಕಾಣಲಿಲ್ಲ. ತಂದಿದ್ದ ಸೊಗಡಿನ ಅವರೆಕಾಯಿಯಲ್ಲಿ ಅರ್ಧ ಮೂಟೆಯೂ ಕಾಣಲಿಲ್ಲ. ಫೋನ್ ಟಣ್ ಅಂತು. ಉಪಸಮಿತಿಯ ಗ್ರೂಪಿನಲ್ಲಿ ಸಂಚಾಲಕರ ಮೆಸೇಜು: ‘ತುರ್ತು. ನನ್ನ ಬಾಗಿಲಲ್ಲಿ ಅಪರಿಚಿತ ವ್ಯಕ್ತಿ. ಪಂಚೆ ಉಟ್ಟಿದ್ದಾರೆ. ಹೋಗುತ್ತಿಲ್ಲ. ಸೆಕ್ಯುರಿಟಿ ಕೂಡಲೇ ಬರಬೇಕು.’ ಅದಕ್ಕೂ ಇಬ್ಬರು ಹೆಬ್ಬೆರಳು ಎತ್ತಿದರು.

ನಾನು ಮೆಟ್ಟಿಲು ಹತ್ತಿ ಹೋಗುವ ಹೊತ್ತಿಗೆ ಸೆಕ್ಯುರಿಟಿಯವರು ಬಂದಾಗಿತ್ತು. ಪೀಪ್‌ಹೋಲ್‌ಗೆ ಬಾಯಿ ಹತ್ತಿರ ಇಟ್ಟು ‘ನಮ್ಮವ್ರೇ ಅದಾರ್ರೀ ಸರ, ತಗೀರಿ’ ಅನ್ನುತ್ತಿದ್ದರು. ಕೊನೆಗೂ ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಚೈನ್ ಹಾಕಿಯೇ ಇತ್ತು. ಸಂದಿಯಲ್ಲಿ ಒಂದು ಕನ್ನಡಕ ಕಾಣಿಸಿತು.

ಚಿಕ್ಕಪ್ಪ ಅವರೆಕಾಯಿ ಮೂಟೆಯನ್ನು ಆ ಸಂದಿಗೆ ತುರುಕಲು ನೋಡಿದರು. ಅಡ್ಡ ಹಿಡಿದರು, ಉದ್ದ ಹಿಡಿದರು. ಹಿಡಿಸಲಿಲ್ಲ. ಚೈನ್ ತೆಗೆಯಲೇಬೇಕಾಯಿತು.