ಕಾಲು ಹೋದರೆ ಕೆಲಸವೂ ಹೋಗಬೇಕಾ?

ಹೋದ ತಿಂಗಳು ಫೋನಿನಲ್ಲಿ ಚಿಕ್ಕಪ್ಪ ಆಡಿದ ಒಂದು ಮಾತು ಇನ್ನೂ ಚುಚ್ಚುತ್ತಿದೆ. ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯ ಆರ್ಮಿ ಸಾರ್ಜೆಂಟ್ ಬಗ್ಗೆ ಖುಷಿಯಿಂದ ಹೇಳುತ್ತಿದ್ದೆ. ಅವನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಆದರೂ ತನ್ನ ಹಳೇ ಯೂನಿಟ್ಟಿಗೆ, ಅದೇ ಹೆಲಿಕಾಪ್ಟರ್ ರಿಪೇರಿ ಕೆಲಸಕ್ಕೆ ವಾಪಸ್ ಹೊರಟಿದ್ದಾನೆ ಅಂದೆ. ಚಿಕ್ಕಪ್ಪ ನಮ್ಮ ಭಾರತದ ಸೇನೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. "ಅಲ್ವೋ, ಅವರ ಹತ್ರ ಎರಡು ಕಾಲಿನವರು ಯಾರೂ ಇಲ್ವಾ? ಪಾಪ, ಅವನು ಮನೇಲಿ ಕೂತು ಪೆನ್ಷನ್ ತಗೊಳ್ಳೋಕೆ ಬಿಡಬಾರದಾ?" ಅಂದರು.

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರಾಯಿತು. ಪೆಟ್ಟು ತಿಂದ ಸೈನಿಕನ ಮೇಲೆ ನಮ್ಮವರಿಗೆ ಪ್ರೀತಿ ಇದೆ, ಗೌರವ ಇದೆ. ಸನ್ಮಾನ ಮಾಡುತ್ತೇವೆ, ಕಣ್ಣೀರು ಹಾಕುತ್ತೇವೆ. ಆದರೆ "ನಿನಗೇನು ಬೇಕು?" ಅಂತ ಅವನನ್ನೇ ಕೇಳುವುದು ಯಾಕೋ ಯಾರಿಗೂ ಹೊಳೆಯುವುದಿಲ್ಲ.

ನಾನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ಇದು ಮಿಲಿಟರಿಯವರ ಊರು. ಇಲ್ಲಿಯ ದೊಡ್ಡ ಸೇನಾ ಆಸ್ಪತ್ರೆಯ ಆವರಣದಲ್ಲಿ 2007ರಲ್ಲಿ 'ಸೆಂಟರ್ ಫಾರ್ ದಿ ಇಂಟ್ರೆಪಿಡ್' ಅನ್ನುವ ಕೇಂದ್ರ ಶುರುವಾಯಿತು. ಇರಾಕ್, ಅಫ್ಘಾನಿಸ್ತಾನದಲ್ಲಿ ಕೈಕಾಲು ಕಳೆದುಕೊಂಡವರಿಗೆ, ಮೈ ಸುಟ್ಟುಕೊಂಡವರಿಗೆ ಅಂತಲೇ ಜನರು ಕೊಟ್ಟ ದೇಣಿಗೆಯಲ್ಲಿ ಕಟ್ಟಿದ್ದು. ಒಳಗೆ ಹತ್ತಲು ಗೋಡೆ ಇದೆ, ಅಲೆ ಏಳುವ ಕೊಳ ಇದೆ. ಬಂದೂಕಿನ ಗುರಿ ಅಭ್ಯಾಸ ಮಾಡುವ ಸಿಮ್ಯುಲೇಟರ್ ಕೂಡ ಇದೆ. ಆಸ್ಪತ್ರೆಯಲ್ಲಿ ಬಂದೂಕು ಯಾಕೆ? ಬಂದವನು ಸೈನಿಕ, ಮತ್ತೆ ಸೈನಿಕನಾಗಿಯೇ ಹೋಗಬಹುದು ಅನ್ನುವ ಲೆಕ್ಕ ಅಲ್ಲಿದೆ. ನನಗೆ ಹಿಡಿಸಿದ್ದು ಆ ಲೆಕ್ಕ.

ಪಕ್ಕದ ಮನೆಯವನು ಗ್ಯಾರೇಜಿನಲ್ಲಿ ತಯಾರಿ ಮಾಡುವುದನ್ನು ನಾನು ಎಷ್ಟೋ ಸಂಜೆ ನೋಡಿದ್ದೇನೆ. ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಏಣಿ ಹತ್ತುತ್ತಾನೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ಹತ್ತುವುದು ಸುಲಭವಂತೆ, ಇಳಿಯುವುದೇ ಕಷ್ಟ. ಕೃತಕ ಪಾದಕ್ಕೆ ಮೆಟ್ಟಿಲು ಸಿಕ್ಕಿತೋ ಇಲ್ಲವೋ ಗೊತ್ತಾಗುವುದಿಲ್ಲ, ಕಣ್ಣಿನಲ್ಲೇ ನೋಡಿಕೊಳ್ಳಬೇಕು. ಹೊತ್ತು ಹೋದ ಹಾಗೆ ಮೋಟುಗಾಲು ಸ್ವಲ್ಪ ಕುಗ್ಗುತ್ತದೆ, ಅದು ಕೂರುವ ಸಾಕೆಟ್ ಸಡಿಲವಾಗುತ್ತದೆ. ಆಗ ಕಾಲು ಬಿಚ್ಚಿ, ಇನ್ನೊಂದು ಸಾಕ್ಸ್ ಏರಿಸಿ, ಮತ್ತೆ ಹಾಕಿಕೊಳ್ಳುತ್ತಾನೆ. ಹಾಕುವ ಮುಂಚೆ ಚರ್ಮ ಎಲ್ಲಿ ಕೆಂಪಾಗಿದೆ ಅಂತ ಬೆರಳಿನಿಂದ ಒತ್ತಿ ನೋಡುತ್ತಾನೆ. ಕೆಂಪು ಹಾಗೇ ಉಳಿದರೆ ಅವತ್ತಿಗೆ ಏಣಿ ಬಂದ್. ಇಷ್ಟು ಶ್ರದ್ಧೆಯಿಂದ ಕೆಲಸಕ್ಕೆ ತಯಾರಾಗುವವನನ್ನು ಮನೇಲಿ ಕೂರು ಅನ್ನಲು ನನ್ನಿಂದಂತೂ ಆಗುವುದಿಲ್ಲ.

ಇಲ್ಲಿ ಇದು ಹೊಸದೇನಲ್ಲ. ಜನರಲ್ ಫ್ರೆಡ್ರಿಕ್ ಫ್ರ್ಯಾಂಕ್ಸ್ 1970ರಲ್ಲಿ ಕಾಂಬೋಡಿಯಾದಲ್ಲಿ ಗಾಯಗೊಂಡು ಒಂದು ಕಾಲು ಕಳೆದುಕೊಂಡರು. 1991ರ ಕೊಲ್ಲಿ ಯುದ್ಧದಲ್ಲಿ ಏಳನೇ ಕೋರ್ ಅನ್ನುವ ದೊಡ್ಡ ಪಡೆಯನ್ನು ನಡೆಸಿದ್ದು ಅವರೇ. ವಿಯೆಟ್ನಾಂನಲ್ಲಿ ಪಾದದ ಒಂದು ಭಾಗ ಕಳೆದುಕೊಂಡ ಎರಿಕ್ ಶಿನ್ಸೆಕಿ ಮುಂದೆ ಸೇನಾ ಮುಖ್ಯಸ್ಥರಾದರು. ಕ್ಯಾಪ್ಟನ್ ಡೇವಿಡ್ ರೋಜೆಲ್ 2003ರಲ್ಲಿ ಇರಾಕಿನ ನೆಲಬಾಂಬಿಗೆ ಪಾದ ಕೊಟ್ಟವರು, 2005ರಲ್ಲಿ ಕೃತಕ ಪಾದ ಹಾಕಿಕೊಂಡು ಅದೇ ಇರಾಕಿಗೆ ಹೋದರು.

ನಮ್ಮಲ್ಲಿ ಇಂಥವರು ಇಲ್ಲವೇ? ಇದ್ದಾರೆ, ಕತೆಗಳು ಇನ್ನೂ ರೋಮಾಂಚಕ. 1971ರ ಯುದ್ಧದಲ್ಲಿ ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆ ಗೂರ್ಖಾ ರೈಫಲ್ಸ್‌ನ ಮೇಜರ್ ಇಯಾನ್ ಕಾರ್ಡೋಜೋ ನೆಲಬಾಂಬಿನ ಮೇಲೆ ಕಾಲಿಟ್ಟರು. ಜಜ್ಜಿಹೋದ ಕಾಲನ್ನು ತಾವೇ ಗೂರ್ಖಾಗಳ ಕತ್ತಿ ಕುಕ್ರಿಯಿಂದ ಕತ್ತರಿಸಿಕೊಂಡರು. ಆಮೇಲೆ ಆಪರೇಷನ್ ಮಾಡಿದ್ದು ಸೆರೆಸಿಕ್ಕ ಪಾಕಿಸ್ತಾನಿ ಸರ್ಜನ್. ಅವರು ಅಲ್ಲಿಗೇ ನಿಲ್ಲಲಿಲ್ಲ. ಕೃತಕ ಕಾಲಿನಲ್ಲೇ ದೈಹಿಕ ಪರೀಕ್ಷೆ ಕೊಟ್ಟರು, ಬೆಟ್ಟದಲ್ಲಿ ನಡೆದು ತೋರಿಸಿದರು. ಕೊನೆಗೆ ಬೆಟಾಲಿಯನ್ ಸಿಕ್ಕಿತು, ಬ್ರಿಗೇಡ್ ಸಿಕ್ಕಿತು, ಮೇಜರ್ ಜನರಲ್ ಆದರು. 1965ರ ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಜಯ್ ಒಬೆರಾಯ್ ಸೇನೆಯ ಉಪಮುಖ್ಯಸ್ಥರಾದರು. ನೆಲಬಾಂಬಿಗೆ ಎರಡೂ ಕಾಲು ಕಳೆದುಕೊಂಡ ಪಂಕಜ್ ಜೋಶಿ ಲೆಫ್ಟಿನೆಂಟ್ ಜನರಲ್ ಆದರು.

ಈ ಮೂವರೂ ಆಫೀಸರುಗಳು. ಈ ಕತೆಗಳನ್ನು ಎದೆ ಉಬ್ಬಿಸಿ ಹೇಳುವಾಗ ನಾವು ಇದನ್ನು ಗಮನಿಸುವುದೇ ಇಲ್ಲ. ಕಾರ್ಡೋಜೋ ಅವರಿಗೆ ಸೇನಾ ಮುಖ್ಯಸ್ಥರ ತನಕ ಹೋಗಿ ವಾದ ಮಾಡುವ ಸ್ಥಾನ ಇತ್ತು, ಛಾತಿಯೂ ಇತ್ತು. ಒಬ್ಬ ಸಿಪಾಯಿ ಯಾರ ಬಾಗಿಲು ತಟ್ಟಬೇಕು?

ನಮ್ಮ ಸೇನೆಯಲ್ಲಿ ಆರೋಗ್ಯವನ್ನು 'ಶೇಪ್' ಅನ್ನುವ ಅಳತೆಯಲ್ಲಿ ನೋಡುತ್ತಾರೆ. ಮನಸ್ಸು, ಕಿವಿ, ಕೈಕಾಲು, ದೇಹದ ಶಕ್ತಿ, ಕಣ್ಣು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ದರ್ಜೆ. 'ಶೇಪ್ ವನ್' ಅಂದರೆ ಪೂರ್ತಿ ಫಿಟ್. ಕೆಳಗೆ ಬಂದರೆ 'ಲೋ ಮೆಡಿಕಲ್ ಕೆಟಗರಿ'. ಅದು ಕಾಯಂ ಆದರೆ, ಜವಾನನಿಗೆ ಹೊಂದುವ ಹಗುರ ಕೆಲಸ ಯೂನಿಟ್ಟಿನಲ್ಲಿ ಇದ್ದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಮನೆಗೆ ಕಳಿಸಬಹುದು. ಹಾಗೆ ಕಳಿಸುವ ಮೊದಲು ಸೇವೆಗೆ ಆಗುತ್ತಾನೋ ಇಲ್ಲವೋ ಅಂತ ನೋಡುವ ವೈದ್ಯರ 'ಇನ್‌ವ್ಯಾಲಿಡೇಟಿಂಗ್ ಬೋರ್ಡ್' ಮುಂದೆ ನಿಲ್ಲಿಸಲೇಬೇಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅಷ್ಟಕ್ಕೂ ಒಬ್ಬ ಸೈನಿಕ ಕೋರ್ಟಿನ ಮೆಟ್ಟಿಲು ಹತ್ತಬೇಕಾ? ಕೈಕಾಲಿನ ಎದುರು ಬರೆದ ಒಂದು ಅಂಕಿ ಅವನ ಏಣಿ ಹತ್ತುವ ಅಭ್ಯಾಸವನ್ನು ನೋಡಿಲ್ಲ. ಅವನಿಗೆ ಡ್ರೈವಿಂಗ್ ಬರುತ್ತದೋ, ರೇಡಿಯೋ ರಿಪೇರಿ ಬರುತ್ತದೋ, ಹೊಸ ಹುಡುಗರಿಗೆ ಸಿಡಿಮದ್ದಿನ ಪಾಠ ಹೇಳಲು ಬರುತ್ತದೋ, ಅದೂ ಆ ಅಂಕಿಗೆ ಗೊತ್ತಿಲ್ಲ.

ಇದನ್ನೆಲ್ಲ ಚಿಕ್ಕಪ್ಪನ ಮುಂದೆ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀನು ಹಿಮದಲ್ಲಿ ರಾತ್ರಿ ಪಹರೆ ಮಾಡಿಲ್ಲ" ಅಂದರು. "ಒಬ್ಬ ಕುಸಿದರೆ ಅವನನ್ನ ಹೊರೋಕೆ ನಾಲ್ಕು ಜನ ಬೇಕು. ಅವನ ಬಂದೂಕು, ಸಾಮಾನು ಇನ್ನೊಬ್ಬನ ಬೆನ್ನಿಗೆ. ಆಸೆ ಅವನದು ಸರಿ, ಜೀವ ಎಲ್ಲರದೂ ತಾನೇ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಟ್ಟದ ಗಡಿಯ ಪಹರೆ ಬೇರೆ, ಹ್ಯಾಂಗರಿನಲ್ಲಿ ಹೆಲಿಕಾಪ್ಟರ್ ಬಿಚ್ಚುವುದು ಬೇರೆ, ಒಪ್ಪಲೇಬೇಕು. ಅಮೆರಿಕದ ಅಂಕಿಯೂ ನಾನು ಹೇಳುವಷ್ಟು ಹೊಳೆಯುವುದಿಲ್ಲ. ಇಲ್ಲಿಯ ಸೇನಾ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅಂಗ ಕಳೆದುಕೊಂಡ 395 ಸೈನಿಕರಲ್ಲಿ ಸೇವೆಗೆ ಮರಳಿದವರು 65 ಮಂದಿ. ಅಂದರೆ ಶೇ 16.5. 1980ರ ದಶಕದಲ್ಲಿ ಇದು ಶೇ 2.3 ಇತ್ತು, ಏರಿಕೆ ದೊಡ್ಡದೇ. ಆದರೂ ಆರು ಜನರಲ್ಲಿ ಐದು ಜನ ಮರಳಲಿಲ್ಲ. ನಮ್ಮಲ್ಲೂ ಜವಾನರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2002ರಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡ ಹೊಕಾಟೊ ಸೆಮ ಸೇನೆಯಲ್ಲೇ ಉಳಿದರು, ಹವಾಲ್ದಾರರಾಗಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡು ಎಸೆತದ ಕಂಚು ಗೆದ್ದರು.

ಇನ್ನೊಂದು ವಿಷಯ ಬರೆಯಲು ಮನಸ್ಸಿಲ್ಲ, ಬರೆಯದಿದ್ದರೆ ತಪ್ಪಾಗುತ್ತದೆ. ಕಾಲು ಹೋದದ್ದು ಕಣ್ಣಿಗೆ ಕಾಣುತ್ತದೆ. ಸ್ಫೋಟದ ಹೊಡೆತಕ್ಕೆ ತಲೆಯೊಳಗೆ ಆದ ಪೆಟ್ಟು ಕಾಣುವುದಿಲ್ಲ. ಹಾಗೆ ಪೆಟ್ಟು ತಿಂದ ಎಷ್ಟೋ ಹುಡುಗರು ಇರಾಕ್, ಅಫ್ಘಾನಿಸ್ತಾನದಲ್ಲಿ ಏನೂ ಆಗಿಲ್ಲ ಅಂದುಕೊಂಡು ಮತ್ತೆ ಗಸ್ತಿಗೆ ಹೋದರು. ಸ್ಫೋಟದಿಂದ 50 ಮೀಟರ್ ಒಳಗಿದ್ದವರನ್ನು ತಪಾಸಣೆ ಮಾಡಿ, 24 ಗಂಟೆ ವಿಶ್ರಾಂತಿ ಕೊಡಲೇಬೇಕು ಅಂತ ಇಲ್ಲಿಯ ರಕ್ಷಣಾ ಇಲಾಖೆ ನಿಯಮ ಮಾಡಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಇರಾಕ್ ಯುದ್ಧಕ್ಕೆ ಏಳು ವರ್ಷವಾಗಿತ್ತು. "ನಾನು ರೆಡಿ" ಅನ್ನುವುದು ಸೈನಿಕನ ಅಭ್ಯಾಸ. ಅದನ್ನೇ ನಂಬಿ ಕಳಿಸಿದರೂ ಅನ್ಯಾಯವೇ. ಪಕ್ಕದ ಮನೆಯವನ ಹೆಂಡತಿಯೂ ಅವನ ನಿರ್ಧಾರಕ್ಕೆ ಮನಸಾರೆ ಒಪ್ಪಿಲ್ಲ. ಒಂದು ಸಲ ಸಾಕಾಗಲಿಲ್ಲವಾ ಅಂತ ನನ್ನ ಎದುರಿಗೇ ಕೇಳಿದ್ದಾಳೆ.

ಹಾಗಾಗಿ ಎಲ್ಲರನ್ನೂ ವಾಪಸ್ ಕಳಿಸಿ ಅಂತ ನಾನು ಹೇಳುವುದಿಲ್ಲ. ಗಾಯ ಮಾಗಲು, ಕಾಲು ಒಗ್ಗಲು ಬೇಕಾದಷ್ಟು ಸಮಯ ಕೊಡಿ. ಆಮೇಲೆ ಅವನು ಮಾಡಬೇಕಾದ ಕೆಲಸದಲ್ಲೇ ಅವನನ್ನು ಪರೀಕ್ಷೆ ಮಾಡಿ, ಜೊತೆಗೆ ಕೆಲಸ ಮಾಡುವವರನ್ನೂ ಕೇಳಿ. ಬೋರ್ಡಿನಲ್ಲಿ ಡಾಕ್ಟರ ಜೊತೆ ಆ ಕೆಲಸ ಬಲ್ಲವನೊಬ್ಬ ಕೂರಲಿ. ಆಗುವುದಿಲ್ಲ ಅನ್ನುವುದಾದರೆ ಯಾಕೆ ಅಂತ ಬರೆದು ಕೊಡಿ. ಆಫೀಸರಿಗೂ ಸಿಪಾಯಿಗೂ ಅದೇ ಕಾಗದ, ಅದೇ ಪರೀಕ್ಷೆ. ಇಷ್ಟಕ್ಕೆ ಚಿಕ್ಕಪ್ಪನೂ ಹೂಂ ಅಂದರು. ಬೆಟ್ಟದ ಪಹರೆಗೆ ಮಾತ್ರ ಇನ್ನೂ ಒಪ್ಪಿಲ್ಲ.