ಅಮ್ಮನ ದೇವರನಾಮ, ಬ್ರೌಸರ್ ತಂಬೂರಿ, ಒಂದೇ ಸೌಂಡ್ ಕಾರ್ಡು

ನಮ್ಮಮ್ಮಂಗೆ ಐದು ಮನೆ ಶ್ರುತಿ ಕಿವಿಗೆ ಬೀಳದೆ ದೇವರನಾಮ ಬಾಯಿಗೆ ಬರಲ್ಲ. ಶ್ರುತಿ ಪೆಟ್ಟಿಗೆ ತಿದಿ ಹರಿದು ಅಟ್ಟ ಸೇರಿ ವರ್ಷಗಳಾದ್ವು. ಅದಕ್ಕೆ ಕೆಲವು ವರ್ಷದ ಹಿಂದೆ ಹಾಸನದ ಮನೇಲಿ ನನ್ನ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಬ್ರೌಸರ್ ತೆರೆದು ತಂಬೂರಿ ಹಾಕಿ, ಹೆಡ್‌ಫೋನ್ ಅಮ್ಮನ ಕಿವಿಗೆ ಕೊಟ್ಟು, ಆರ್ಡರಲ್ಲಿ (ಹೋಟೆಲ್ ಆರ್ಡರ್ ಅಲ್ಲಪ್ಪ, ರೆಕಾರ್ಡಿಂಗ್ ಸಾಫ್ಟ್‌ವೇರು) ಹಾಡು ಹಿಡ್ಕೊಳ್ಳೋಣ ಅಂತ ಕೂತೆ.

ಆರ್ಡರ್‌ಗೋಸ್ಕರ ಜ್ಯಾಕ್ (ಸದ್ದು ಸಾಗಿಸೋ ಇನ್ನೊಂದು ಸಾಫ್ಟ್‌ವೇರು) ಸ್ಟಾರ್ಟ್ ಮಾಡಿದ್ದೇ ತಡ ತಂಬೂರಿ ನಿಂತೋಯ್ತು. ಜ್ಯಾಕ್ ನಿಲ್ಲಿಸಿದ್ರೆ ತಂಬೂರಿ ಬರುತ್ತೆ, ರೆಕಾರ್ಡಿಂಗ್ ಆಗಲ್ಲ. "ಆಯ್ತೇನೋ, ನನ್ ಗಂಟ್ಲು ಒಣಗ್ತಿದೆ" ಅಂತ ಅಮ್ಮ.

ಅರಸೀಕೆರೆ ಕಡೆ ಅಣ್ಣತಮ್ಮಂದಿರ ಪಾಲಿನ ಬೋರ್‌ವೆಲ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನೀರು ಕೊಡೋದು ಆಲ್ಸಾ, ಕರ್ನಲ್ ಅಂದ್ರೆ ಲಿನಕ್ಸಿನ ತಿರುಳಿನ ಒಳಗೆ ಕೂತು ಸೌಂಡ್ ಕಾರ್ಡ್ ಓಡಿಸೋದು. ಬ್ರೌಸರ್ರು, ವಿಡಿಯೋ ಕಾಲು ಎಲ್ಲದರ ಸದ್ದು ಕೂಡಿಸಿ ಕೊಡೋನು ಪಲ್ಸ್‌ಆಡಿಯೋ. ಜ್ಯಾಕ್ ಸಂಗೀತದವರದ್ದು, ಅವನಿಗೆ ತಡ ಆಗಬಾರದು, ಸೆಕೆಂಡಿಗೆ 48,000 ಸಲ ಸದ್ದು ಅಳೆದು 128 ಅಳತೆ ಒಟ್ಟಿಗೆ ಕಳಿಸಿದ್ರೆ ಒಂದು ಸುತ್ತಿಗೆ 3 ಮಿಲಿಸೆಕೆಂಡೂ ಹಿಡಿಯಲ್ಲ. ಹಾಗಾಗಿ ಮೋಟ್ರು ಸ್ವಿಚ್ ಪೂರ್ತಿ ತನ್ನ ಕೈಲೇ ಇರ್ಬೇಕು ಅಂತಾನೆ, ಆಗ ಪಲ್ಸ್‌ಗೆ ನೀರಿಲ್ಲ, ಬ್ರೌಸರ್ ತಂಬೂರಿ ನಿಲ್ಲುತ್ತೆ.

ಆಗ ಹಳೇ ಗೈಡುಗಳೆಲ್ಲ ಹೇಳ್ತಿದ್ದದ್ದು ಒಂದೇ, ಪಲ್ಸ್ ಕಿತ್ತಾಕು. ನಾನೂ ಕಿತ್ತೆ, ವಾಲ್ಯೂಮ್ ಐಕಾನೂ ಅದರ ಜೊತೆ ಹೋಯ್ತು! ಆಮೇಲೆ ವಾಪಸ್ ಹಾಕ್ಕೊಂಡು, ಪಲ್ಸಿಂದ ಜ್ಯಾಕ್‌ಗೆ ಸದ್ದು ದಾಟಿಸೋ ಮಾಡ್ಯೂಲ್ ಲೋಡ್ ಮಾಡಿ ಸಣ್ಣ ಸ್ಕ್ರಿಪ್ಟ್ ಬರ್ಕೊಂಡೆ, ಲ್ಯಾಪ್‌ಟಾಪ್ ನಿದ್ದೆ ಹೋಗಿ ಎದ್ದರೆ ಅದೂ ಕೈ ಕೊಡ್ತಿತ್ತು.

ಪಲ್ಸ್, ಜ್ಯಾಕ್ ಇಬ್ಬರ ಕೆಲಸವನ್ನೂ ಒಬ್ಬನೇ ಮಾಡೋ ಪೈಪ್‌ವೈರ್ ಬಂದ್ಮೇಲೆ ಈ ಗೋಳು ಬಹಳ ಮಟ್ಟಿಗೆ ತಪ್ತು. ಲಿನಕ್ಸ್ ಕಂಪನಿ ರೆಡ್ ಹ್ಯಾಟಿನ ವಿಮ್ ಟೇಮನ್ಸ್ ಶುರು ಮಾಡಿದ್ದು. ಲಿನಕ್ಸ್ ತಳಿಗಳಲ್ಲಿ ಫೆಡೋರಾ 2021ರಲ್ಲಿ, ಉಬುಂಟು 2022ರ ಕೊನೇಲಿ ಇದನ್ನೇ ಡಿಫಾಲ್ಟ್ ಮಾಡ್ಕೊಂಡ್ವು. ನನಗೆ ಹಿಡಿಸಿದ್ದು ಏನಂದ್ರೆ ಇದು ಯಾರಿಗೂ "ನೀವು ಬದಲಾಗಿ" ಅನ್ನಲಿಲ್ಲ, ಫೈರ್‌ಫಾಕ್ಸ್ ಬಂದ್ರೆ ನಾನೇ ಪಲ್ಸ್ ಅನ್ನುತ್ತೆ, ಆರ್ಡರ್ ಬಂದ್ರೆ ನಾನೇ ಜ್ಯಾಕ್ ಅನ್ನುತ್ತೆ, ಎರಡಕ್ಕೂ ಗೊತ್ತೇ ಆಗಲ್ಲ. ಹಳೇದನ್ನ ಕಿತ್ತಾಕಿ ಅಂತಿದ್ದ ಶುದ್ಧಾಚಾರಿಗಳು ಇಷ್ಟು ವರ್ಷ ನಮ್ಮ ಟೈಮ್ ಹಾಳು ಮಾಡಿದ್ರು ಅನ್ಸುತ್ತೆ ನಂಗೆ.

ಎಲ್ಲಾ ತಾನಾಗೇ ಆಗುತ್ತೆ ಅಂತಲ್ಲ. ಉಬುಂಟು, ಡೆಬಿಯನ್‌ನಲ್ಲಿ ಆರ್ಡರನ್ನ ಪಿಡಬ್ಲ್ಯೂ-ಜ್ಯಾಕ್ ಕಮಾಂಡ್ ಮೂಲಕ ತೆರೆದು, ಒಳಗೆ ಜ್ಯಾಕ್ ಅಂತ ಆರಿಸ್ಬೇಕು. ಮರೆತು ಆಲ್ಸಾ ಆರಿಸಿದ್ರೆ ಅದು ನೇರ ಕಾರ್ಡ್ ಹಿಡ್ಕೊಳ್ಳುತ್ತೆ, ತಂಬೂರಿ ಮತ್ತೆ ಗಪ್‌ಚುಪ್. ಬ್ಲೂಟೂತ್ ಹೆಡ್‌ಫೋನ್ ಅಂತೂ ಬೇಡವೇ ಬೇಡ, ಶ್ರುತಿ ತಡವಾಗಿ ಕೇಳ್ಸುತ್ತೆ.

ಮೊನ್ನೆ ಭಾನುವಾರ ಒಂದೇ ಸಲಕ್ಕೆ ರೆಕಾರ್ಡ್ ಆಯ್ತು. ಆದ್ರೆ ಕ್ಯೂಪಿಡಬ್ಲ್ಯೂಗ್ರಾಫಲ್ಲಿ (ಯಾವ ಸದ್ದು ಎಲ್ಲಿಗೆ ಅಂತ ಪರದೆ ಮೇಲೆ ಜೋಡಿಸೋ ಸಾಫ್ಟ್‌ವೇರು) ವೈರ್ ಎಳೆಯುವಾಗ ಕೈತಪ್ಪಿ ಫೈರ್‌ಫಾಕ್ಸ್‌ನೂ ಆರ್ಡರ್ ಟ್ರ್ಯಾಕ್‌ಗೇ ಸೇರಿಸ್ಬಿಟ್ಟಿದ್ದೆ, ಹಾಡಿನ ಕೆಳಗೆ ತಂಬೂರಿಯೂ ಕೂತಿದೆ. ತೆಗೆಯಕ್ಕಾಗಲ್ಲ, ಇನ್ನೊಂದ್ಸಲ ಹಾಡಮ್ಮ ಅಂದೆ. ಕೇಳಿ ನೋಡಿ, "ಬೇಡ ಬಿಡೋ, ಶ್ರುತಿ ಇದ್ರೇನೇ ಚಂದ" ಅಂತ ಕಾಫಿಗೆ ಹಾಲಿಡಕ್ಕೆ ಒಳಗೆ ಹೋದ್ರು.