ಪ್ರಿಂಟರಣ್ಣನಿಗೆ ಸಿಕ್ಕ ಮರ್ಯಾದೆ

ಮೊನ್ನೆ ಒಂದು ಆಫೀಸಿನ ಕೌಂಟರ್ ಮುಂದೆ ಒಂದೂವರೆ ಗಂಟೆ ನಿಂತಿದ್ದೆ. ಯಾವ ಆಫೀಸು ಅಂತ ಹೇಳಲ್ಲ, ಎಲ್ಲಾ ಒಂದೇ ಥರ ಇರೋದ್ರಿಂದ ನಿಮಗೆ ಈಗ ಯಾವುದು ನೆನಪಾಯ್ತೋ ಅದೇ ಅಂದ್ಕೊಳ್ಳಿ. ಒಳಗಿದ್ದ ಸಾಹೇಬ್ರು ಪಕ್ಕದ ಪ್ರಿಂಟರ್ ತಲೆ ಮೇಲೆ ಎರಡು ತಟ್ಟಿ "ಇವ್ನೊಬ್ಬ, ಹನ್ನೊಂದಾಗೋ ತನಕ ಏಳೋದೇ ಇಲ್ಲ, ಬಿಸಿ ಆದ್ಮೇಲೆನೇ ಇವ್ನು ಕೆಲಸ ಶುರು ಮಾಡೋದು" ಅಂದ್ರು. ದನೀಲಿ ಒಂಥರಾ ಮಮತೆ ಇತ್ತು, ಮನೇಲಿ ಲೇಟಾಗಿ ಏಳೋ ಕೊನೇ ಮಗನ ಬಗ್ಗೆ ಹೇಳ್ತಾರಲ್ಲ ಹಂಗೆ. ಆಮೇಲೆ ತಲೆ ಎತ್ತಿ ನನ್ನ ಮುಂದೆ ನಿಂತಿದ್ದವರನ್ನ ನೋಡಿ, ಹಿಂದಿನ ಟೇಬಲ್‌ಗೆ ಕೂಗಿದ್ರು: "ಅದು ಬಂದಿದೆ ನೋಡ್ರಿ, ಅದರದ್ದು ಫೈಲ್ ಎಲ್ಲಿಟ್ರಿ?"

ಸತ್ಯವಾಗ್ಲೂ ಹೇಳ್ತೀನಿ, ಯಾವುದೋ ಕೊರಿಯರ್ ಬಂದಿರ್ಬೇಕು ಅಂದ್ಕೊಂಡು ನಾನು ಹಿಂದೆ ತಿರುಗಿ ನೋಡ್ದೆ. ಕೊರಿಯರ್ ಇರ್ಲಿಲ್ಲ. ನನ್ನ ಮುಂದೆ ಇದ್ದಿದ್ದು ಹಸಿರು ಕಾಟನ್ ಸೀರೆ ಉಟ್ಟಿದ್ದ ಒಬ್ಬ ಟ್ರಾನ್ಸ್ ಹೆಂಗಸು, ಪ್ಲಾಸ್ಟಿಕ್ ಫೋಲ್ಡರ್ ಎದೆಗೆ ಒತ್ಕೊಂಡು, ಟೋಕನ್ ಚೀಟಿನ ಬೆರಳಿಗೆ ಸುತ್ಕೊಂಡು, ಬಿಚ್ಕೊಂಡು, ಮತ್ತೆ ಸುತ್ಕೊಂಡು ನಿಂತಿದ್ರು. ಅವರು ದನಿ ಏರಿಸ್ಲಿಲ್ಲ. "ಅದು ಇಲ್ಲೇ ನಿಂತಿದೆ ಸಾರ್, ಅದಕ್ಕೆ ಕಿವಿನೂ ಕೇಳುತ್ತೆ" ಅಂದ್ರು.

ಸಾಹೇಬ್ರಿಗೆ ಅರ್ಥ ಆಗ್ಲಿಲ್ಲ. ಪ್ರಿಂಟರ್‌ಗೆ ಆಯ್ತೋ ಏನೋ, ಒಂದ್ಸಲ ಗರ್ರ್ ಅಂದ.

ಅವತ್ತಿಂದ ನಾನು ಕನ್ನಡಿಗರ ಬಾಯಲ್ಲಿ ಯಾರ್ಯಾರಿಗೆ ಏನೇನು ಸಿಗುತ್ತೆ ಅಂತ ಲೆಕ್ಕ ಇಡೋಕೆ ಶುರು ಮಾಡಿದ್ದೀನಿ, ಬೇರೆ ಕೆಲಸ ಇಲ್ಲ ಅಂದ್ಕೊಳ್ಳಿ ಪರವಾಗಿಲ್ಲ. ನಾವು ಎಂಥಾ ಧಾರಾಳಿಗಳು ಅಂದ್ರೆ, ಮಳೆ ಬಂದ್ರೆ ಮಳೆರಾಯ ಬಂದ. ದಸರಾ ಟೈಮಲ್ಲಿ ಟಿವಿ ಹಾಕಿ, ಅಭಿಮನ್ಯು ಅಂಬಾರಿ ಹೊತ್ತ, ಅಭಿಮನ್ಯು ಗಂಭೀರವಾಗಿ ಹೆಜ್ಜೆ ಹಾಕಿದ, ಆ್ಯಂಕರ್ ಕಣ್ಣಲ್ಲಿ ನೀರು. ಆನೆ, ಸ್ವಾಮಿ! ಅದಕ್ಕೆ ಸಿಗ್ಬೇಕು, ಸಿಗ್ಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ನಾಯಿ ನೋಡಿ ನೀವು ಗೋಡೆಗೆ ಅಂಟ್ಕೊಂಡ್ರೆ ಓನರ್ ಆಂಟಿ "ಹೆದರ್ಬೇಡಿ, ಅವ್ನು ಏನೂ ಮಾಡಲ್ಲ, ತುಂಬಾ ಸಾಫ್ಟ್ ಅವ್ನು" ಅಂತಾರೆ, ನೀವೇನಾದ್ರೂ ಬಾಯಿ ತಪ್ಪಿ "ಇದು ಕಚ್ಚುತ್ತಾ" ಅಂದ್ರೋ, ಆಂಟಿ ಮುಖ ಒಂದು ವಾರ ಸರಿ ಹೋಗಲ್ಲ. ಕಾರಲ್ಲಿ ದಾರಿ ಹೇಳೋ ಮೊಬೈಲ್ ಕೂಡ ಅವಳು. "ಅವಳು ಲೆಫ್ಟ್ ಅಂದ್ಲು, ಇವ್ರು ರೈಟ್ ತಗೊಂಡ್ರು, ನೋಡಿ ಈಗ ಎಲ್ಲಿದ್ದೀವಿ." ಅದೇ ಕಾರು, ಅದೇ ಆಂಟಿ, ಸಿಗ್ನಲ್‌ನಲ್ಲಿ ನಿಂತಾಗ ಒಬ್ಬ ಟ್ರಾನ್ಸ್ ಹೆಂಗಸು ಹತ್ರ ಬಂದ್ರೆ ಸಾಕು: "ರೀ, ಅದು ಬರ್ತಿದೆ, ಗ್ಲಾಸ್ ಏರ್ಸಿ."

ಅಂದ್ರೆ ಮೊಬೈಲಲ್ಲಿರೋ ದನಿಗೆ ಹೆಣ್ಣುತನ ಕೊಡೋಕೆ ಯಾವ ಡಾಕ್ಟರ್ ಸರ್ಟಿಫಿಕೇಟೂ ಬೇಡ, ನಾಯಿ ಗಂಡಸು ಅಂತ ಒಪ್ಪೋಕೆ ಯಾವ ಚರ್ಚೇನೂ ಬೇಡ. ಮನುಷ್ಯರ ಟರ್ನ್ ಬಂದಾಗ ಮಾತ್ರ ಎಲ್ರೂ ಇದ್ದಕ್ಕಿದ್ದಂಗೆ ವಿಜ್ಞಾನಿಗಳು.

ಇಲ್ಲಾ ವ್ಯಾಕರಣ ಪಂಡಿತರು. ಈ ಜಾತಿ ಪಂಡಿತರು ಜಾಸ್ತಿ ಸಿಕ್ತಾರೆ ನನಗೆ. "ನೋಡಿ, ನಾನು ಅವಮಾನ ಮಾಡೋಕೆ ಹೇಳ್ತಿಲ್ಲ, ಕನ್ನಡದಲ್ಲಿ ಮೂರೇ ಲಿಂಗ, ಪುಲ್ಲಿಂಗ ಸ್ತ್ರೀಲಿಂಗ ನಪುಂಸಕಲಿಂಗ, ಅವರದ್ದು ಮೂರನೇದು, ಮೂರನೇದಕ್ಕೆ ಅದು ಅಂತಾನೇ ಹೇಳ್ಬೇಕು, ನಾನೇನ್ ಮಾಡ್ಲಿ?" ಪಾಪ, ಅವರ ಕೈ ಕಟ್ಟಿಹಾಕಿದೆ ವ್ಯಾಕರಣ. ಮನೇಲಿ ಒಂದು ಒತ್ತಕ್ಷರ ಸರಿಯಾಗಿ ಬರೆಯದವರೂ ಈ ವಿಷಯಕ್ಕೆ ಬಂದಾಗ ಶಾಸ್ತ್ರ ಬಿಟ್ಟು ಒಂದಡಿ ಆಚೆ ಹೋಗಲ್ಲ. ಆದ್ರೆ ಇವರು ಎಂಟನೇ ಕ್ಲಾಸಲ್ಲಿ ಆ ಪೀರಿಯಡ್‌ಗೆ ನಿದ್ದೆ ಹೊಡೆದಿದ್ದಾರೆ. ಕನ್ನಡದ ನಪುಂಸಕಲಿಂಗ ಅಂದ್ರೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಮನುಷ್ಯರು ಅಂತಲ್ಲ. ಕಲ್ಲು, ಮರ, ಬೆಂಚು, ಹುಂಜ, ಹೇಂಟೆ. ಹುಂಜ ಗಂಡೇ ತಾನೇ, ಆದ್ರೂ ಹುಂಜ ಕೂಗಿತು, ಕೂಗಿದನು ಅಲ್ಲ. ನಮ್ಮ ಭಾಷೆ ಮೊದಲು ನೋಡೋದು ಮನುಷ್ಯರಾ ಅಲ್ವಾ ಅಂತ, ಗಂಡಾ ಹೆಣ್ಣಾ ಅನ್ನೋದು ಆಮೇಲೆ. ದ್ರಾವಿಡ ಭಾಷೆಗಳ ವ್ಯಾಕರಣದೋರು ಇದಕ್ಕೆ ಮಹತ್ತು, ಅಮಹತ್ತು ಅಂತ ಹೆಸರೂ ಇಟ್ಟಿದ್ದಾರೆ. ಹಂಗಾಗಿ ಒಬ್ಬರನ್ನ "ಅದು" ಅಂದಾಗ ನೀವು ಮೂರನೇ ಲಿಂಗಕ್ಕೆ ಸೇರಿಸ್ಲಿಲ್ಲ ಪಂಡಿತರೇ, ಬೆಂಚಿನ ಜೊತೆ ಸೇರಿಸಿದ್ರಿ.

(ಒಂದು ಮಾತು, ಹವ್ಯಕರು ಈಗ ಜಗಳಕ್ಕೆ ಬರ್ತಾರೆ. ನಮ್ಮನೇಲಿ ಅಕ್ಕನ್ನೂ ಅದು ಅಂತೀವಿ, ಹೆಂಡ್ತೀನೂ ಅದು ಅಂತೀವಿ, ಅದೇನು ಬೈಗುಳಾನಾ ಅಂತ. ಅಲ್ಲ ಮಾರಾಯ್ರೇ. ನೀವು ಹುಟ್ಟಿದ ಮಗಳಿಗೂ ಅದೇ ಹೇಳ್ತೀರಿ, ಮನೆ ಹೆಂಗಸರಿಗೆಲ್ಲ ಒಂದೇ ಅಳತೆ. ಮಗು ಅಳ್ತಿದೆ ಅಂತ ನಾವೂ ಅಂತೀವಲ್ಲ. ಸಿಗ್ನಲ್‌ನಲ್ಲಿ ಗ್ಲಾಸ್ ಏರಿಸ್ತಾ ಹೇಳೋ "ಅದು" ನಿಮ್ಮ ಅಡುಗೆಮನೆಯಿಂದ ಬಂದಿದ್ದಲ್ಲ.)

ತಮಾಷೆ ಏನು ಗೊತ್ತಾ, ಬೇರೆ ಭಾಷೆಯೋರು ಈ ಸರ್ವನಾಮದ ವಿಷಯದಲ್ಲಿ ಎಷ್ಟು ಬೆವರು ಸುರಿಸ್ತಿದ್ದಾರೆ ನೋಡಿ. ಸ್ವೀಡನ್‌ನೋರು ಗಂಡು ಹೆಣ್ಣು ಯಾರಿಗಾದ್ರೂ ಆಗೋ "ಹೆನ್" ಅಂತ ಒಂದು ಪದ ಹುಟ್ಟಿಸಿ, ವರ್ಷಗಟ್ಟಲೆ ಜಗಳ ಆಡಿ, 2015ರಲ್ಲಿ ಅಕಾಡೆಮಿ ಡಿಕ್ಷನರಿಗೆ ಹಾಕಿದ್ರು. ಇಂಗ್ಲಿಷಿನೋರು ಒಬ್ಬರಿಗೆ "ದೇ" (they) ಅನ್ನಬಹುದಾ ಅಂತ ಇವತ್ತಿಗೂ ಕಿತ್ತಾಡ್ತಾರೆ, 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ಡಿಕ್ಷನರಿ ಅದನ್ನೇ ವರ್ಷದ ಪದ ಮಾಡ್ತು. ನಮಗೆ? ನಮಗೆ ಅಜ್ಜನ ಕಾಲದಿಂದ ಮನೇಲೇ ಬಿದ್ದಿದೆ. "ಅವರು." ಗಂಡಿಗೂ ಆಗುತ್ತೆ ಹೆಣ್ಣಿಗೂ ಆಗುತ್ತೆ, ಗೊತ್ತಿಲ್ಲದಿದ್ರೂ ಆಗುತ್ತೆ, ಖರ್ಚಿಲ್ಲ, ಪರ್ಮಿಷನ್ ಬೇಡ. ಮತ್ತೆ ನಾವದನ್ನ ಬಚ್ಚಿಟ್ಟೂ ಇಲ್ಲ. ಬ್ಯಾಂಕ್ ಮುಳುಗಿಸಿ ಓಡಿಹೋದೋರು ಅವರು, ಜಾಮೀನಿನ ಮೇಲೆ ಬಂದು ಹಾರ ಹಾಕಿಸ್ಕೊಳ್ಳೋರು ಅವರು, ಹತ್ತು ವರ್ಷದಿಂದ ಬಾಡಿಗೆ ಕೊಡದೆ ಕೂತಿರೋ ಬಾಡಿಗೆದಾರನೂ ಎದುರಿಗೆ ಬಂದ್ರೆ "ಅವರು". ಇಷ್ಟೆಲ್ಲಾ ಹಂಚಿದ ಮೇಲೂ ಸ್ಟಾಕ್ ಖಾಲಿ ಆಗಿಲ್ಲ, ಒಬ್ಬ ಟ್ರಾನ್ಸ್ ಹೆಂಗಸಿಗೆ ಕೊಡೋ ಟೈಮಲ್ಲಿ ಮಾತ್ರ ಆಗುತ್ತೆ. ಹಂಗಂತ ಪಕ್ಕದಲ್ಲಿ ನಿಂತ ಎಲ್ಲಾ ಹೆಂಗಸರಿಗೂ ಸಲೀಸಾಗಿ "ಅವಳು" ಅಂದು, ಇವರೊಬ್ಬರಿಗೆ ಮಾತ್ರ ತಡವರಿಸಿ "ಅವ... ಅವರು" ಅಂದ್ರೆ ಅದೂ ಚುಚ್ಚುತ್ತೆ, ಅದನ್ನೂ ನಾನು ನೋಡಿದ್ದೀನಿ.

ಸ್ಟಾಕ್ ವಾಪಸ್ ಬರೋ ಜಾಗ ಒಂದಿದೆ. ಗೃಹಪ್ರವೇಶ, ಅಂಗಡಿ ಓಪನಿಂಗು, ತೊಟ್ಟಿಲು. ಅಲ್ಲಿ ಟ್ರಾನ್ಸ್ ಹೆಂಗಸರು ಬಂದ್ರೆ "ಬನ್ನಿ ತಾಯಿ, ನಿಮ್ಮ ಕೈಯಾರೆ ಒಂದು ರೂಪಾಯಿ ಕೊಡಿ ತಾಯಿ, ಗಲ್ಲಾಪೆಟ್ಟಿಗೇಲಿ ಇಡ್ತೀವಿ". ಜೋಗಪ್ಪಂದಿರು ಎಲ್ಲಮ್ಮನ ಕೊಡ ಹೊತ್ತು ಬಂದ್ರೆ ಕಾಲಿಗೆ ನೀರು ಹಾಕಿ ನಮಸ್ಕಾರ. ಆಶೀರ್ವಾದ ಸಿಕ್ಕ ಮೇಲೆ ಅವರು ಗೇಟ್ ದಾಟಿದ್ರೋ ಇಲ್ವೋ, ಒಳಗಿಂದ: "ಹೋಯ್ತಾ ಅದು?" ತಾಯಿ ಇಂದ ಅದು ತನಕ ನಾನು ಲೆಕ್ಕ ಹಾಕಿದ ಪ್ರಕಾರ ಹದಿನೈದು ಹೆಜ್ಜೆ.

2021ರ ಪದ್ಮ ಪಟ್ಟಿಯಲ್ಲಿ ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರ ಹೆಸರಿನ ಹಿಂದೆ ಶ್ರೀ ಇರ್ಲಿಲ್ಲ, ಶ್ರೀಮತಿ ಇರ್ಲಿಲ್ಲ, "ಮಾತಾ" ಅಂತಿತ್ತು. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತಗೊಳ್ಳೋ ಮೊದಲು ರಾಷ್ಟ್ರಪತಿಗಳಿಗೆ ಸೆರಗಲ್ಲಿ ದೃಷ್ಟಿ ತೆಗೆದ್ರು, ಇಡೀ ದೇಶ ಚಪ್ಪಾಳೆ ಹೊಡೀತು. ಆ ವಿಡಿಯೋನ ಸ್ಟೇಟಸ್‌ಗೆ ಹಾಕ್ಕೊಂಡಿದ್ದ ನಮ್ಮ ಪರಿಚಯದವರೊಬ್ಬರು ಅದರ ಕೆಳಗೆ ಏನು ಬರ್ದಿದ್ರು ಗೊತ್ತಾ? "ಎಷ್ಟು ಚೆನ್ನಾಗಿ ಮಾಡ್ತು ನೋಡಿ." ಹೊಗಳಿಕೆನೇ ಸ್ವಾಮಿ, ಮನಸ್ಪೂರ್ವಕ ಹೊಗಳಿಕೆ. ಕ್ರಿಯಾಪದ ಮಾತ್ರ ಮಿಕ್ಸಿಗೆ ಹೇಳೋದು.

ಸರ್ಕಾರದ ಕನ್ನಡ ಇನ್ನೂ ಚೆಂದ. 2011ರ ಜನಗಣತೀಲಿ ಮೊದಲ ಸಲ ಗಂಡು, ಹೆಣ್ಣು ಬಿಟ್ಟು ಮೂರನೇ ಕೋಡ್ ಕೊಟ್ರು, ಹೆಸರು "ಇತರೆ". ದೇಶದಲ್ಲಿ 4,87,803 ಇತರೆ, ಕರ್ನಾಟಕದಲ್ಲಿ 20,266 ಇತರೆ. ನನಗೆ ಇತರೆ ಅಂದ ತಕ್ಷಣ ಗಣೇಶೋತ್ಸವದ ಲೆಕ್ಕಪತ್ರದ ಕೊನೇ ಸಾಲು ನೆನಪಾಗುತ್ತೆ, ಪೆಂಡಾಲ್, ಹೂವು, ಮೈಕು, ಇತರೆ. ಅದೇ 2011ರಲ್ಲಿ ನಮ್ಮ ರಾಜ್ಯದ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಸೆಕ್ಷನ್ ಬಂತು, ಅನುಮಾನ ಇರೋ "ಯೂನಕ್"ಗಳ (ಅಂದ್ರೆ ನಪುಂಸಕರ) ಹೆಸರು, ವಿಳಾಸಕ್ಕೆ ರಿಜಿಸ್ಟರ್ ಇಡ್ಬಹುದು ಅಂತ. ಬ್ರಿಟಿಷರು 1871ರಲ್ಲಿ ಇಟ್ಟಿದ್ದ ರಿಜಿಸ್ಟರಿನದೇ ಜೆರಾಕ್ಸು. ಕೋರ್ಟಲ್ಲಿ ಪ್ರಶ್ನೆ ಎದ್ದ ಮೇಲೆ 2016ರಲ್ಲಿ ಆ ಪದ ತೆಗೆದು "ವ್ಯಕ್ತಿಗಳು" ಅಂತ ಹಾಕಿದ್ರು. ವ್ಯಕ್ತಿ ಅನ್ನೋ ಪದ ನೆನಪಾಗೋಕೆ ಐದು ವರ್ಷ. ಪರವಾಗಿಲ್ಲ, ಕೆಲವರಿಗೆ ಇನ್ನೂ ನೆನಪಾಗಿಲ್ಲ. 2019ರ ಕಾಯ್ದೇಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮಾತಿನಲ್ಲಿ ಹಿಂಸೆ ಕೊಟ್ರೂ 6 ತಿಂಗಳಿಂದ 2 ವರ್ಷ ಜೈಲು ಅಂತಿದೆ. ಆ ಕಾಗದಾನೂ ಇದೇ ಥರದ ಪ್ರಿಂಟರಲ್ಲಿ ಬಂದಿರ್ಬೇಕು, ಇನ್ನೂ ಬಿಸಿ ಆಗಿಲ್ಲ.

ಆದ್ರೆ ನನಗೆ ನಿಜವಾಗ್ಲೂ ತಲೆ ಕೆಡೋದು ಬೇರೆ ವಿಷಯಕ್ಕೆ. ತಪ್ಪು ಹೆಸರಿಂದ ಕರೆದ್ರೆ ಹೊಟ್ಟೆ ಉರಿಯುತ್ತೆ ಅಂತ ಈ ಭೂಮಿ ಮೇಲೆ ಯಾರಿಗಾದ್ರೂ ಚೆನ್ನಾಗಿ ಗೊತ್ತಿದ್ರೆ ಅದು ನಮಗೆ. ಉತ್ತರದ ಕಡೆಯೋರು ಯಾರಾದ್ರೂ "ಕನ್ನಡ್ ನಹೀ ಆತಾ" ಅಂದ್ರೆ ನಮ್ಮ ಮೈಯೆಲ್ಲಾ ಹೇಗೆ ಉರಿಯುತ್ತೆ? ಬರಲ್ಲ ಅಂದಿದ್ದಕ್ಕಲ್ಲ, ಕನ್ನಡ್ ಅಂದಿದ್ದಕ್ಕೆ! "ಕನ್ನಡ್ ಅಲ್ಲ ಗುರು, ಕನ್ನಡ!" ಒಂದೇ ಒಂದು "ಅ"ಕಾರಕ್ಕೆ ನಾವು ಬೀದೀಲಿ ನಿಂತು ಪಾಠ ಮಾಡ್ತೀವಿ, ಮಾಡ್ಬೇಕು ಕೂಡ. 2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು, ಮೈಸೋರ್ ಮೈಸೂರಾಯ್ತು, ಒಟ್ಟು 12 ಊರು. ಯಾರಾದ್ರೂ ಹಳೇ ಹೆಸರು ಹೇಳಿದ್ರೆ ತಿದ್ದುತೀವಿ. ಊರಿಗೆ ಆಪರೇಷನ್ ಆಗಿದ್ಯಾ ಅಂತ ಯಾರೂ ಕೇಳ್ಲಿಲ್ಲ, ಒರಿಜಿನಲ್ ಹೆಸರೇನು ಅಂತ ಪಿಸುಗುಟ್ಲಿಲ್ಲ. ಅದೇ ವರ್ಷ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟ್, ತಾನು ಗಂಡೋ ಹೆಣ್ಣೋ ಬೇರೆಯೋ ಅಂತ ಹೇಳೋ ಹಕ್ಕು ಆ ವ್ಯಕ್ತಿದೇ ಅಂದಿತ್ತು. ಊರಿನದು ಬಾಯಿಪಾಠ ಆಯ್ತು, ಮನುಷ್ಯರದ್ದು "ಅಯ್ಯೋ ಅಭ್ಯಾಸ ಆಗಿಲ್ಲ ರೀ".

ಕೌಂಟರ್‌ಗೆ ವಾಪಸ್ ಬರ್ತೀನಿ. ಹಸಿರು ಸೀರೆಯವರು ಫೋಲ್ಡರ್ ಬಿಚ್ಚಿ ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಪ್ರಮಾಣಪತ್ರ ಮುಂದಿಟ್ರು. ಲ್ಯಾಮಿನೇಷನ್ ಮಾಡಿಸಿದ್ರು, ಮೂಲೇಲಿ ಗಾಳಿ ಗುಳ್ಳೆ ಬಂದಿತ್ತು, ಅದನ್ನ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕೂರಿಸೋಕೆ ನೋಡ್ತಿದ್ರು. ಇದರ ಆಧಾರದ ಮೇಲೆ ಬೇರೆ ದಾಖಲೆಗಳಲ್ಲಿ ಹೆಸರು ಬದಲಾಯಿಸ್ಬಹುದು ಅಂತ ಕಾಯ್ದೇಲೇ ಇದೆ, ಆಕೆಗೆ ಸೆಕ್ಷನ್ ನಂಬರ್ ಸಮೇತ ಬಾಯಿಗೆ ಬರುತ್ತೆ. ಸಾಹೇಬ್ರು ಕಾಗದ ತಿರುಗಿಸಿ ಮುರುಗಿಸಿ ನೋಡಿ "ಇದೆಲ್ಲಾ ಸರಿ, ನಿಜವಾದ ಹೆಸರೇನು?" ಅಂದ್ರು.

"ಅದರಲ್ಲಿ ಇರೋದೇ ಸಾರ್."

"ಅಲ್ಲಪ್ಪಾ, ಒರಿಜಿನಲ್ಲು."

ಅಲ್ಲಪ್ಪಾ! ಅದು ಇಂದ ಸೀದಾ ಅಪ್ಪಾಗೆ ಪ್ರಮೋಷನ್. ಸೀರೆ, ಬಳೆ, ಕುಂಕುಮ, ಡಿಸಿ ಸಹಿ, ಸೀಲು, ಇಷ್ಟೂ ಕಣ್ಮುಂದೆ ಇದ್ದು ಬಾಯಿಗೆ ಬಂದಿದ್ದು ಅಪ್ಪಾ. ಅವರು ಒಂದು ಕ್ಷಣ ಏನೂ ಮಾತಾಡ್ಲಿಲ್ಲ, ಟೋಕನ್ ಚೀಟಿ ಅಷ್ಟೊತ್ತಿಗೆ ಬೆರಳಲ್ಲೇ ಹರಿದಿತ್ತು. ಆಮೇಲೆ "ಅಮ್ಮಾ ಅನ್ನಿ ಸಾರ್, ನಿಮ್ಮ ಅಕೌಂಟಿಂದ ಏನೂ ಕಟ್ ಆಗಲ್ಲ" ಅಂದ್ರು. ಕ್ಯೂನಲ್ಲಿ ಯಾರೋ ಕಿಸಕ್ಕಂದ್ರು. ನಾನು? ನಾನು ನನ್ನ ಅರ್ಜಿ ಎಲ್ಲಿ ರಿಜೆಕ್ಟ್ ಆಗುತ್ತೋ ಅಂತ ಗೋಡೆ ಮೇಲಿನ ಕ್ಯಾಲೆಂಡರ್ ಓದ್ತಿದ್ದೆ, ವಿಡಂಬನೆ ಬರೆಯೋರ ಧೈರ್ಯ ಎಲ್ಲಾ ಮನೇಲಿ ಕೀಬೋರ್ಡ್ ಮುಂದೆ.

ಕೊನೆಗೂ ಡೇಟಾ ಎಂಟ್ರಿ ಆಯ್ತು, ಪ್ರಿಂಟ್ ಕೊಟ್ರು. ಹಾಳೆ ಬಂತು. ಹೆಸರು ಹೊಸದು, ಪಕ್ಕದಲ್ಲೇ ಲಿಂಗ: ಪುರುಷ. "ಇದು ತಪ್ಪಾಗಿದೆ ಸಾರ್" ಅಂದ್ರು ಆಕೆ. ಸಾಹೇಬ್ರು ಸ್ಕ್ರೀನ್ ಮುಟ್ಟಿ ತೋರಿಸಿ "ನಾನೇನ್ ಮಾಡ್ಲಿ, ಸಾಫ್ಟ್‌ವೇರ್ ಒಪ್ತಾ ಇಲ್ಲ, ಅವ್ನು ಹಳೇದನ್ನೇ ಎತ್ಕೊಳ್ತಾನೆ, ನಾಳೆ ಬನ್ನಿ" ಅಂದ್ರು. ಸಾಫ್ಟ್‌ವೇರೂ ಅವ್ನೇ. ಆದ್ರೆ ಗಮನಿಸಿದ್ರಾ, "ನಾಳೆ ಬನ್ನಿ" ಅಂದ್ರು, ಬಾ ಅನ್ನಲಿಲ್ಲ. ಓಡಿಸೋವಾಗ ನಮ್ಮಲ್ಲಿ ಬಹುವಚನ ತಾನಾಗೇ ಬರುತ್ತೆ.

ಆಕೆ ಪೆನ್ ತೆಗೆದು ಪುರುಷ ಅನ್ನೋದರ ಮೇಲೆ ಅಡ್ಡಗೆರೆ ಎಳೆದು, ಮೇಲೆ "ಮಹಿಳೆ" ಅಂತ ದುಂಡಗೆ ಬರೆದು, ಪಕ್ಕದಲ್ಲಿ ಸಹಿ ಹಾಕಿ, ಹಾಳೆನ ವಾಪಸ್ ಒಳಗೆ ತಳ್ಳಿದ್ರು. "ಇದನ್ನ ನೋಡ್ಕೊಂಡು ಟೈಪ್ ಮಾಡ್ಸಿ, ಇಲ್ಲೇ ಕೂತಿರ್ತೀನಿ." ಹೋಗಿ ಬೆಂಚಿನ ಮೇಲೆ ಕೂತ್ರು.

"ಯಾರ್ರೀ ಅದು ನೆಕ್ಸ್ಟು" ಅಂದ್ರು ಸಾಹೇಬ್ರು. ಅದು ನಾನೇ. ಫಾರ್ಮ್ ಕೊಡೋಕೆ ಕೈ ಚಾಚಿದೆ, ಆದ್ರೆ ಅಷ್ಟರಲ್ಲಿ ಪ್ರಿಂಟರ್ ಮತ್ತೆ ಮಲಗಿಬಿಟ್ಟಿದ್ದ.